ಲಾಲಾಘಾಟ್‌ನ ಬಯಲಲ್ಲಿ

ಅಸ್ಸಾಂಗೆ ಹೋದವರು ಕಾಮಾಖ್ಯ, ಕಾಜಿರಂಗ ನೋಡಿಕೊಂಡು ಬರುತ್ತಾರೆ. ದಕ್ಷಿಣದ ಬರಾಕ್ ಕಣಿವೆಯ ಕಡೆ ತಲೆ ಹಾಕುವವರು ಕಡಿಮೆ. ನಾನು ಹೋದದ್ದು ಹೈಲಾಕಾಂಡಿ ಮತ್ತು ಲಾಲಾಘಾಟ್ ನೋಡಲೆಂದೇ. ಅಮೆರಿಕ ವಾಯುಪಡೆಯ 1ನೇ ಸ್ಪೆಷಲ್ ಆಪರೇಷನ್ಸ್ ವಿಂಗ್ (ವಿಶೇಷ ಕಾರ್ಯಾಚರಣೆಗಳ ಪಡೆ) ಇವತ್ತು ಫ್ಲಾರಿಡಾದ ಹರ್ಲ್‌ಬರ್ಟ್ ಫೀಲ್ಡ್‌ನಲ್ಲಿದೆ. ಅದರ ಮೂಲ ಹುಡುಕುತ್ತಾ ಹೋದರೆ ಬಂದು ನಿಲ್ಲುವುದು ಇಲ್ಲಿಗೆ: ಎರಡನೇ ಮಹಾಯುದ್ಧದಲ್ಲಿ ಇಲ್ಲಿಂದ ವಿಮಾನ ಹಾರಿಸಿದ '1ನೇ ಏರ್ ಕಮಾಂಡೊ ಗ್ರೂಪ್' ಎಂಬ ಅಮೆರಿಕದ ಪಡೆಗೆ.

ಸಿಲ್ಚಾರ್‌ನಿಂದ ದಾರಿಯುದ್ದಕ್ಕೂ ಚಹಾ ತೋಟಗಳು. ಲಾಲಾ ಪೇಟೆಯ ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರನ್ನು ಹಿಂದಿಯಲ್ಲಿ ವಿಚಾರಿಸಿದೆ. "ಯುದ್ಧದ ಕಾಲದ್ದಾ? ನೋಡೋಕೆ ಏನೂ ಸಿಗಲ್ಲ ಸಾಹೇಬ್ರೆ" ಎಂದರೂ ಕೈ ಮಾಡಿ ದಿಕ್ಕು ತೋರಿಸಿದರು. ಹೋಗಿ ನಿಂತೆ. ಮಾರ್ಚ್ ತಿಂಗಳ ಒಣ ಗದ್ದೆ, ಕಾಲಿಗೆ ಚುಚ್ಚುವ ಕೂಳೆ, ಮಟ್ಟಸವಾದ ಗಟ್ಟಿ ನೆಲ. ಕಾಂಕ್ರೀಟ್ ಇಲ್ಲದೆ ಬರೀ ಹುಲ್ಲಿನ ಮೇಲೆ ವಿಮಾನ ಓಡಿಸಿದ್ದು ಹೇಗೆಂದು ಅಲ್ಲಿ ನಿಂತಾಗ ಅರ್ಥವಾಯಿತು.

1943ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್ ಅವರ ಚಿಂದಿತ್ ಪಡೆ ಜಪಾನೀಯರ ಬೆನ್ನ ಹಿಂದೆ ಹೋರಾಡಲು ಬರ್ಮಾದ ಕಾಡಿಗೆ ನಡೆದೇ ಹೋಗಿತ್ತು. ನಡೆಯಲಾಗದ ಗಾಯಾಳುಗಳನ್ನು ದಾರಿಯಲ್ಲೇ ಬಿಟ್ಟು ಬರಬೇಕಾಯಿತು. ಇನ್ನೊಮ್ಮೆ ಹಾಗಾಗಬಾರದು ಎಂಬುದು ಈ ಏರ್ ಕಮಾಂಡೊ ಪಡೆಯ ಹುಟ್ಟಿಗೆ ಒಂದು ದೊಡ್ಡ ಕಾರಣ. ಫಿಲಿಪ್ ಕಾಕ್ರನ್, ಜಾನ್ ಆಲಿಸನ್ ಅದರ ನಾಯಕರು. ಜನ ಬರೀ 523, ವಿಮಾನ 348! ಅವುಗಳಲ್ಲಿ ಮುಖ್ಯವಾಗಿ ಫೈಟರ್ 30, ಬಾಂಬರ್ 12, ಸಾಗಣೆಗೆ ಸಿ-47 ಹದಿಮೂರು, ಗಾಯಾಳುಗಳನ್ನು ತರಲು ನೂರು ಪುಟ್ಟ ವಿಮಾನ, 150 ಗ್ಲೈಡರ್, ಆರು ಹೆಲಿಕಾಪ್ಟರ್. ಇಷ್ಟೂ ಬಗೆಯವು ಒಂದೇ ಕೈಕೆಳಗೆ, ನೆಲದ ಸೈನಿಕರ ಕೆಲಸಕ್ಕಾಗಿ. ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಈ ಜೋಡಣೆಯೇ. ಫೈಟರ್, ಬಾಂಬರ್‌ಗಳು ಹೈಲಾಕಾಂಡಿಯಲ್ಲಿ, ಗ್ಲೈಡರ್‌ಗಳು ಲಾಲಾಘಾಟ್‌ನಲ್ಲಿ.

1944ರ ಮಾರ್ಚ್ 5ರ ಸಂಜೆ, ಚಿಂದಿತ್ ಪಡೆಯನ್ನು ಮತ್ತೆ ಬರ್ಮಾಕ್ಕೆ ಒಯ್ಯಲು, ಗ್ಲೈಡರ್‌ಗಳು ಇಲ್ಲಿ ಸಾಲುಗಟ್ಟಿ ನಿಂತಿದ್ದವು. ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆ, ಕಾಲಡಿಗೆ ಪ್ಲೈವುಡ್, ಎಂಜಿನ್ ಇಲ್ಲ. ಹೊರಡುವ ಹೊತ್ತಿಗೆ ಒಂದು ಫೋಟೊ ಬಂತು: ಬರ್ಮಾದಲ್ಲಿ ಇಳಿಯಬೇಕಿದ್ದ ಜಾಗಗಳಲ್ಲೊಂದಾದ 'ಪಿಕಡಿಲಿ' ಬಯಲಿನ ತುಂಬ ತೇಗದ ದಿಮ್ಮಿಗಳು. ವಿಂಗೇಟ್, ಬ್ರಿಟಿಷ್ ಸೇನಾಪತಿ ಸ್ಲಿಮ್ ಇಲ್ಲೇ ನಿಂತು ಚರ್ಚಿಸಿದರು. ಎಲ್ಲರನ್ನೂ ಇನ್ನೊಂದು ಬಯಲಾದ 'ಬ್ರಾಡ್‌ವೇ'ಗೇ ಕಳಿಸುವುದೆಂದಾಯಿತು. ಒಂದೊಂದು ಸಿ-47 ಎರಡೆರಡು ಗ್ಲೈಡರ್ ಎಳೆದುಕೊಂಡು ಕತ್ತಲಲ್ಲಿ ಬೆಟ್ಟ ದಾಟಬೇಕು. ಹಲವು ಹಗ್ಗಗಳು ಹರಿದವು. ಇಳಿದ ಕಡೆಯೂ ಒಂದಕ್ಕೊಂದು ಡಿಕ್ಕಿ ಹೊಡೆದು ಜನ ಸತ್ತರು. ಆದರೂ ಉಳಿದವರು ಗ್ಲೈಡರ್‌ನಲ್ಲಿ ಒಯ್ದ ಯಂತ್ರದಿಂದ ನೆಲ ಸಮ ಮಾಡಿದರು. ಮರುರಾತ್ರಿಯೇ ಸಿ-47ಗಳು ಅಲ್ಲಿ ಇಳಿದವು. ವಾರ ಕಳೆಯುವಷ್ಟರಲ್ಲಿ ಸುಮಾರು 9,000 ಜನ ಶತ್ರುವಿನ ಬೆನ್ನ ಹಿಂದಿದ್ದರು, ಹೇಸರಗತ್ತೆಗಳ ಸಮೇತ.

ಏಪ್ರಿಲ್‌ನಲ್ಲಿ ಕಾರ್ಟರ್ ಹಾರ್ಮನ್ ಎಂಬ ಯುವಕ ಲಾಲಾಘಾಟ್‌ನಿಂದ ಹೆಲಿಕಾಪ್ಟರ್‌ನಲ್ಲಿ ಹೊರಟರು. ಕಾಡಿನಲ್ಲಿ ಸಿಕ್ಕಿಬಿದ್ದಿದ್ದ ಒಬ್ಬ ಪೈಲಟ್ ಮತ್ತು ಮೂವರು ಬ್ರಿಟಿಷ್ ಸೈನಿಕರನ್ನು ತರಬೇಕಿತ್ತು. ಹೆಲಿಕಾಪ್ಟರ್ ಹೊರುತ್ತಿದ್ದದ್ದು ಒಬ್ಬರನ್ನೇ. ಬಿಸಿಲಿಗೆ ಎಂಜಿನ್ ಕಾದು ನಿಂತರೂ ಬಿಡದೆ ಒಬ್ಬೊಬ್ಬರನ್ನಾಗಿ ನಾಲ್ವರನ್ನೂ ಹೊತ್ತು ತಂದರು. ಯುದ್ಧಭೂಮಿಯಿಂದ ಹೆಲಿಕಾಪ್ಟರ್ ಜನರನ್ನು ಪಾರುಮಾಡಿದ್ದು ಅದೇ ಮೊದಲು.

ಮಳೆ ಹಿಡಿದ ಮೇಲೆ, ಮೇ ತಿಂಗಳಲ್ಲಿ, ಪಡೆ ಆಸನ್ಸೋಲ್‌ಗೆ ಹೋಯಿತು. ನಾನು ಸುತ್ತಿದ ಕಡೆ ಇದನ್ನೆಲ್ಲ ಹೇಳುವ ಒಂದು ಫಲಕವೂ ಕಣ್ಣಿಗೆ ಬೀಳಲಿಲ್ಲ. ಹಾರ್ಮನ್ ಹೆಸರಿರುವ ಒಂದು ಕಲ್ಲನ್ನಾದರೂ ಇಲ್ಲಿ ನಿಲ್ಲಿಸಬೇಕು. ನೀವು ಹೋಗುವುದಾದರೆ ಮಳೆಗಾಲಕ್ಕೆ ಮುಂಚೆಯೇ ಹೋಗಿ. ಸಿಲ್ಚಾರ್‌ನಲ್ಲಿ ಉಳಿದುಕೊಂಡರೆ ಎರಡೂ ಊರನ್ನು ಒಂದೇ ದಿನದಲ್ಲಿ ನೋಡಬಹುದು.