ಗವರ್ನರ್ ಮನೆ ಊಟಕ್ಕೆ ಬನ್ನಿ, ಬ್ರೆಡ್ ನೀವೇ ತನ್ನಿ

ಸಿಡ್ನಿಯ ಹ್ಯಾರಿಸ್ ಪಾರ್ಕ್ ಅಂದರೆ ಇಲ್ಲಿನ ಇಂಡಿಯನ್ನರಿಗೆ ವಿಗ್ರಾಂ ಸ್ಟ್ರೀಟ್. ದೋಸೆ, ಚಾಟ್, ಕುಲ್ಫಿ, ಪಾನ್ ಎಲ್ಲ ಒಂದೇ ಬೀದಿಯಲ್ಲಿ. ಶನಿವಾರ ಸಂಜೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಊರಿಂದ ಯಾರೇ ಬರಲಿ, ಒಪೇರಾ ಹೌಸ್ ಮುಂದೆ ಫೋಟೋ ತೆಗೆಸಿ, ಹೊಟ್ಟೆ ತುಂಬಿಸಲು ಇಲ್ಲಿಗೇ ಕರೆದುಕೊಂಡು ಬರುತ್ತೇವೆ. ಅಲ್ಲಿಂದ ಸ್ವಲ್ಪ ನಡೆದರೆ ರೂಸ್ ಸ್ಟ್ರೀಟ್. ಅಲ್ಲೊಂದು ಅಗಲ ಜಗಲಿಯ ಹಳೇ ಮನೆ ಇದೆ, ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್. ನಮ್ಮವರು ಅತ್ತ ತಲೆ ಹಾಕುವುದು ಕಡಿಮೆ. ನಾನು ಅದರ ಬೆನ್ನು ಹತ್ತಿದ್ದು, ಅದು ಸಿಡ್ನಿ ಹಸಿದಿದ್ದ ಕಾಲದ ಜಾಗ ಅಂತ ತಿಳಿದ ಮೇಲೆ. ಹಾಗೆ ಹೋಗಿ ತಲುಪಿದ್ದು ಆರ್ಥರ್ ಫಿಲಿಪ್ ಎಂಬ ನೌಕಾಪಡೆ ಕ್ಯಾಪ್ಟನ್ ಹತ್ತಿರ.

ಫಿಲಿಪ್ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನ ಮೊದಲ ಗವರ್ನರ್. ಹುಟ್ಟಿದ್ದು 1738ರಲ್ಲಿ, ಲಂಡನ್ನಿನಲ್ಲಿ. ದೊಡ್ಡ ಮನೆತನವೇನಲ್ಲ. ನಾವಿಕರ ಬಡ ಮಕ್ಕಳಿಗೆಂದು ಇದ್ದ ಗ್ರೀನಿಚ್ ಶಾಲೆಯಲ್ಲಿ ಓದಿ, ಹುಡುಗನಾಗಿದ್ದಾಗಲೇ ತಿಮಿಂಗಿಲ ಹಿಡಿಯುವ ಹಡಗು ಹತ್ತಿ, 1755ರಲ್ಲಿ ನೌಕಾಪಡೆ ಸೇರಿದ. ಯುದ್ಧ ಇದ್ದಾಗ ಕೆಲಸ, ಇಲ್ಲದಿದ್ದಾಗ ಅರ್ಧ ಸಂಬಳ. ಆ ಅರ್ಧ ಸಂಬಳದ ಕಾಲದಲ್ಲಿ ಹ್ಯಾಂಪ್‌ಶೈರ್‌ನಲ್ಲಿ ಬೇಸಾಯ ಮಾಡಿದ. ಪೋರ್ಚುಗಲ್ ನೌಕಾಪಡೆಗೆ ಹೋಗಿ ಅವರ ಪರವಾಗಿ ಸ್ಪೇನ್ ವಿರುದ್ಧ ಕಾದಾಡಿದ. 1783ರಲ್ಲಿ ‘ಯೂರೋಪ್’ ಎಂಬ ಹಡಗಿನ ಕ್ಯಾಪ್ಟನ್ ಆಗಿ ನಮ್ಮ ಕಡೆಗೂ ಬಂದು ಹೋದ. ಫ್ರಾನ್ಸಿನಲ್ಲಿ ಗುಟ್ಟಾಗಿ ಬೇಹುಗಾರಿಕೆಯನ್ನೂ ಮಾಡಿದ. 1786ರಲ್ಲಿ, ಭೂಮಿಯ ಆ ತುದಿಗೆ ಕೈದಿಗಳನ್ನು ಕರೆದೊಯ್ದು ಊರು ಕಟ್ಟಲು ಇವನನ್ನು ಆರಿಸಿದಾಗ, ಇವನೇ ಯಾಕೆ ಅಂತ ಹುಬ್ಬೇರಿಸಿದವರಿದ್ದರು. ನನಗೇನೋ ಆ ಬೇಸಾಯದ ವರ್ಷಗಳೇ ಮುಖ್ಯ ಅನ್ನಿಸುತ್ತದೆ. ಅವನ ಜೊತೆ ಹೊರಟವರಲ್ಲಿ ನೇಗಿಲ ಕೆಲಸ ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ.

1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ 11 ಹಡಗು ಹೊರಟವು. ಹೊರಡುವ ಮುಂಚೆ ಫಿಲಿಪ್ ತಿಂಗಳುಗಟ್ಟಲೆ ಜಗಳ ಆಡಿದ್ದು ತೋಪು, ಮದ್ದುಗುಂಡಿಗಲ್ಲ. ಕೈದಿಗಳಿಗೆ ತಾಜಾ ಮಾಂಸ, ಸೊಪ್ಪು ತರಕಾರಿ, ಮೈಮೇಲೆ ಬಟ್ಟೆ ಕೊಡಿ ಅಂತ. ಎಂಟು ತಿಂಗಳ ಪಯಣದಲ್ಲಿ ಸತ್ತವರು 50ಕ್ಕೂ ಕಡಿಮೆ. 1790ರಲ್ಲಿ ಕೈದಿಗಳನ್ನು ಹೊತ್ತು ಬಂದ ಎರಡನೇ ಹಡಗು ದಂಡಿನ ಕಥೆ ಕೇಳಿ. ಅದರ ಗುತ್ತಿಗೆ ಹಿಡಿದವರು ಗುಲಾಮರ ವ್ಯಾಪಾರದಲ್ಲಿ ಪಳಗಿದವರು. ಅವರಿಗೆ ದುಡ್ಡು ಸಿಗುತ್ತಿದ್ದದ್ದು ಹತ್ತಿಸಿದ ತಲೆಗೆ, ಜೀವಂತ ಇಳಿಸಿದ ತಲೆಗಲ್ಲ. ಸುಮಾರು 1,000 ಕೈದಿಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ದಾರಿಯಲ್ಲೇ ಸತ್ತರು.

1788ರ ಜನವರಿ 26ರಂದು ಸಿಡ್ನಿ ಕೋವ್‌ನಲ್ಲಿ ಬಾವುಟ ಏರಿತು. ಆಮೇಲೆ ಶುರುವಾಯಿತು ನೋಡಿ ಹೊಟ್ಟೆಪಾಡು. ಮರಳು ನೆಲದಲ್ಲಿ ಬಿತ್ತಿದ್ದು ಕೈಗೆ ಹತ್ತಲಿಲ್ಲ. ದನಗಳು ತಪ್ಪಿಸಿಕೊಂಡು ಕಾಡು ಸೇರಿದವು. ಸಾಮಾನು ತುಂಬಿಕೊಂಡು ಬರುತ್ತಿದ್ದ ‘ಗಾರ್ಡಿಯನ್’ ಹಡಗು ಹಿಮಗಡ್ಡೆಗೆ ಬಡಿಯಿತು. ಅವರ ಬಳಿ ಇದ್ದ ದೊಡ್ಡ ಹಡಗು ‘ಸಿರಿಯಸ್’ 1790ರ ಮಾರ್ಚ್‌ನಲ್ಲಿ ನಾರ್ಫೋಕ್ ದ್ವೀಪದ ಬಂಡೆಗೆ ಬಡಿದು ಒಡೆಯಿತು.

ಆಗ ಫಿಲಿಪ್ ಊರನ್ನು ಹಡಗಿನ ಹಾಗೆ ನಡೆಸಿದ. ನಡುಗಡಲಲ್ಲಿ ನೀರು ಕಮ್ಮಿಯಾದರೆ ಕ್ಯಾಪ್ಟನ್ನಿನ ಲೋಟವೂ ಕಮ್ಮಿಯಾಗಬೇಕು, ಇಲ್ಲದಿದ್ದರೆ ಹಡಗಿನಲ್ಲೇ ದಂಗೆ. 1790ರ ಆ ಬರದಲ್ಲಿ ವಾರದ ರೇಷನ್ ಒಬ್ಬೊಬ್ಬರಿಗೆ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಹಂದಿ ಮಾಂಸ, ಎರಡು ಪೌಂಡ್ ಅಕ್ಕಿ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಕಮ್ಮಿ. ಕೈದಿಗೂ ಅಷ್ಟೇ, ಸಿಪಾಯಿಗೂ ಅಷ್ಟೇ, ಗವರ್ನರ್‌ಗೂ ಅಷ್ಟೇ. ಮಾಂಸ ಉಪ್ಪು ಹಾಕಿ ಮೂರ್ನಾಲ್ಕು ವರ್ಷ ಆಗಿತ್ತು. ಅಕ್ಕಿಯ ಒಂದೊಂದು ಕಾಳೂ ಒಳಗಿನ ಹುಳುವಿನಿಂದ ತಾನೇ ಓಡಾಡುತ್ತಿತ್ತು ಅಂತ ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಫಿಲಿಪ್ ತನ್ನ ಸ್ವಂತಕ್ಕೆ ಇಟ್ಟುಕೊಂಡಿದ್ದ 150 ಕಿಲೋದಷ್ಟು ಹಿಟ್ಟನ್ನೂ ಉಗ್ರಾಣಕ್ಕೆ ಸುರಿದ. ಎಲ್ಲರಿಗೂ ಸಿಗುವುದಕ್ಕಿಂತ ಹೆಚ್ಚಿನದು ತನ್ನ ಮೇಜಿನ ಮೇಲೆ ಇರಬಾರದು ಅಂದ. ಗವರ್ನರ್ ಮನೆಗೆ ಊಟಕ್ಕೆ ಕರೆದರೆ ಅತಿಥಿಗಳು ತಮ್ಮ ಪಾಲಿನ ಬ್ರೆಡ್ ಹೊತ್ತು ಹೋಗಬೇಕಿತ್ತು. ಕೋಟು ತೊಟ್ಟ ಸಾಹೇಬರು ಕುರ್ಚಿಯಲ್ಲಿ ಕೂತು, ಜೇಬಿನಿಂದ ಬ್ರೆಡ್ ತೆಗೆದು ತಟ್ಟೆ ಪಕ್ಕ ಇಟ್ಟುಕೊಳ್ಳುವುದನ್ನು ಸುಮ್ನೆ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಮ್ಮ ಕಡೆ ಹೀಗೆ ಕರೆದಿದ್ದರೆ ಬೀಗರು ಆ ಮನೆ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ, ಅಲ್ವಾ?

ಸಮಪಾಲು ಅಂದಾಕ್ಷಣ ಮೆತ್ತನೆ ಮನುಷ್ಯ ಅಂದುಕೊಳ್ಳಬೇಡಿ. ಉಗ್ರಾಣ ಕಾಯುವ ಸಿಪಾಯಿಗಳೇ ಕಳ್ಳ ಬೀಗದಕೈ ಮಾಡಿಸಿಕೊಂಡು ಕದಿಯುತ್ತಿದ್ದದ್ದು ಬಯಲಾದಾಗ, 1789ರ ಮಾರ್ಚ್‌ನಲ್ಲಿ ಆರು ಜನರನ್ನು ನೇಣಿಗೆ ಹಾಕಿಸಿದ.

ಇಷ್ಟೆಲ್ಲ ಲೆಕ್ಕದಲ್ಲಿ ಒಬ್ಬನಿಗೆ ಮಾತ್ರ ಹೆಚ್ಚಿನ ಪಾಲಿತ್ತು. ಅವನು ಬೆನೆಲಾಂಗ್. ಇಲ್ಲಿನ ಮೂಲನಿವಾಸಿ. ಭಾಷೆ ಕಲಿಯಬೇಕು, ಸಂಬಂಧ ಬೆಳೆಸಬೇಕು ಅಂತ ಫಿಲಿಪ್ 1789ರ ನವೆಂಬರ್‌ನಲ್ಲಿ ಅವನನ್ನು ಬಲವಂತವಾಗಿ ಹಿಡಿಸಿ ತಂದಿದ್ದ. ಸಂಬಂಧ ಬೆಳೆಸುವ ರೀತಿ ನೋಡಿ! ಬೆನೆಲಾಂಗ್‌ಗೆ ಒಂದು ವಾರದ ರೇಷನ್ ಒಂದು ದಿನಕ್ಕೂ ಸಾಲುತ್ತಿರಲಿಲ್ಲ. ಬಿಳಿಯರು ಹಸಿದಿದ್ದಾರೆ ಅನ್ನುವುದು ಅವನಿಗೆ ಗೊತ್ತಾಗಬಾರದು, ತಪ್ಪಿಸಿಕೊಂಡು ಹೋಗಿ ತನ್ನವರಿಗೆ ಹೇಳಿಬಿಟ್ಟಾನು ಅನ್ನುವ ಭಯ. ಹಾಗಾಗಿ ಮೀನು, ಮೆಕ್ಕೆಜೋಳ ಹೊಂದಿಸಿ ಅವನ ಹೊಟ್ಟೆ ತುಂಬಿಸುತ್ತಿದ್ದರು. ಅವನು 1790ರ ಮೇನಲ್ಲಿ ಬೇಲಿ ಹಾರಿ ಹೋದ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮ್ಯಾನ್ಲಿ ದಡಕ್ಕೆ ತಿಮಿಂಗಿಲವೊಂದು ಬಂದು ಬಿದ್ದಿತ್ತು. ಅದನ್ನು ತಿನ್ನಲು ನೆರೆದವರಲ್ಲಿ ಬೆನೆಲಾಂಗ್ ಕೂಡ ಇದ್ದ. ದೊಡ್ಡದೊಂದು ತುಂಡನ್ನು ಗವರ್ನರ್‌ಗೆ ಅಂತ ಕಳಿಸಿಯೂ ಕೊಟ್ಟ. ಫಿಲಿಪ್ ನೋಡಲು ಬಂದ. ಮಾತಾಡುತ್ತಿದ್ದ ಹಾಗೇ ಇನ್ನೊಬ್ಬ ಎಸೆದ ಈಟಿ ಫಿಲಿಪ್‌ನ ಭುಜದ ಹತ್ತಿರ ನೆಟ್ಟು ಬೆನ್ನಲ್ಲಿ ಹೊರಬಂತು. ಉದ್ದದ ಈಟಿ, ಓಡುವಾಗ ನೆಲಕ್ಕೆ ತಗಲುತ್ತಿತ್ತು. ಜೊತೆಗಿದ್ದ ವಾಟರ್‌ಹೌಸ್ ಅದನ್ನು ಮುರಿದು ಅವನನ್ನು ದೋಣಿಗೆ ಹತ್ತಿಸಿದ. ಫಿಲಿಪ್ ಬದುಕಿದ, ಸೇಡು ತೀರಿಸಬೇಡಿ ಅಂದ. ಇಲ್ಲಿನ ಪುಸ್ತಕಗಳು ಇದನ್ನು ಹೊಗಳುವುದು ಜಾಸ್ತಿ. ಮೂರೇ ತಿಂಗಳಿಗೆ, ಅವನ ಬೇಟೆಗಾರನೊಬ್ಬ ಈಟಿಗೆ ಬಲಿಯಾದಾಗ, ಸಿಕ್ಕ ಮೂಲನಿವಾಸಿಗಳ ತಲೆ ತನ್ನಿ ಅಂತ ಇದೇ ಫಿಲಿಪ್ ಟೆಂಚ್‌ನನ್ನು ಕಳಿಸಿದ್ದನ್ನು ಮೆಲ್ಲಗೆ ದಾಟಿಸುತ್ತವೆ. ಟೆಂಚ್ ಬರಿಗೈಲಿ ವಾಪಸ್ ಬಂದ, ಆ ಮಾತು ಬೇರೆ. ಅಷ್ಟರಲ್ಲಿ 1789ರ ಸಿಡುಬು ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನರನ್ನು ಮುಗಿಸಿತ್ತು. ಅವರ ಕೊಲ್ಲಿಯ ಮೀನು ಬಿಳಿಯರ ಬಲೆಗೆ ಹೋಗುತ್ತಿತ್ತು. ಸಮಪಾಲಿನ ರೇಷನ್ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಇನ್ನು ರೂಸ್ ಸ್ಟ್ರೀಟ್‌ಗೆ ಬರೋಣ. ಜೇಮ್ಸ್ ರೂಸ್ ಕಾರ್ನ್‌ವಾಲ್‌ನ ರೈತ, ಕಳ್ಳತನಕ್ಕೆ ಶಿಕ್ಷೆಯಾಗಿ ಬಂದವನು. ಒಂದು ಕುಟುಂಬ ಉಗ್ರಾಣಕ್ಕೆ ಕೈ ಚಾಚದೆ ಬದುಕಲು ಎಷ್ಟು ದಿನ ಬೇಕು ಅಂತ ನೋಡಲು ಫಿಲಿಪ್ 1789ರಲ್ಲಿ ಅವನಿಗೆ ಇಲ್ಲಿ ನೆಲ, ಬೀಜ, ಹಂದಿ, ಕೋಳಿ ಕೊಟ್ಟ. ರೂಸ್ ಮರ ಸುಟ್ಟು ಬೂದಿಯನ್ನು ಮಣ್ಣಿಗೆ ಬೆರೆಸಿದ, ಹುಲ್ಲನ್ನು ಅಗೆದು ಮಗುಚಿ ಗೊಬ್ಬರ ಮಾಡಿದ. 1791ರ ಹೊತ್ತಿಗೆ ನನಗೆ ಇನ್ನು ರೇಷನ್ ಬೇಡ ಅಂದ. 30 ಎಕರೆ ಅವನದಾಯಿತು. ಈಗಿರುವ ಮನೆ ರೂಸ್ ಕಟ್ಟಿದ್ದಲ್ಲ. ಅವನಿಂದ ಜಮೀನು ಕೊಂಡ ಡಾಕ್ಟರ್ ಜಾನ್ ಹ್ಯಾರಿಸ್ ಆಮೇಲೆ ಕಟ್ಟಿಸಿದ್ದು. ಹ್ಯಾರಿಸ್ ಪಾರ್ಕ್ ಅನ್ನುವ ಹೆಸರೂ ಆತನದೇ.

ಒಬ್ಬ ರೂಸ್‌ನಿಂದ ಊರು ತುಂಬಲಿಲ್ಲ. ಫಿಲಿಪ್ ‘ಅಟ್ಲಾಂಟಿಕ್’ ಎಂಬ ಹಡಗನ್ನು ಕಲ್ಕತ್ತೆಗೆ ಅಟ್ಟಿದ. 1792ರ ಜೂನ್‌ನಲ್ಲಿ ಅದು ತಂದದ್ದು ಅಕ್ಕಿ, ರವೆ, ಬೇಳೆ. ಅದೇ ವರ್ಷ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾರ್ನ್‌ವಾಲಿಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದ. ವಿಗ್ರಾಂ ಸ್ಟ್ರೀಟ್ ಹುಟ್ಟುವ ಎಷ್ಟೋ ಕಾಲ ಮುಂಚೆ ಸಿಡ್ನಿಯ ಕೈದಿಗಳು ಬೇಳೆ ಬೇಯಿಸುತ್ತಿದ್ದರು. ಒಗ್ಗರಣೆ ಇಲ್ಲದೆ, ಪಾಪ.

ಆರೋಗ್ಯ ಕೆಟ್ಟು ಫಿಲಿಪ್ 1792ರ ಡಿಸೆಂಬರ್ 11ರಂದು ಅದೇ ಅಟ್ಲಾಂಟಿಕ್ ಹತ್ತಿ ಹೊರಟ. ಬೆನೆಲಾಂಗ್ ಮತ್ತು ಯೆಮೆರವಾನಿ ಎಂಬ ಹುಡುಗ ಜೊತೆಗೆ ಹೋದರು. ಹುಡುಗ ಇಂಗ್ಲೆಂಡಿನಲ್ಲೇ ತೀರಿಕೊಂಡ. ಫಿಲಿಪ್ ಆಮೇಲೆ ಅಡ್ಮಿರಲ್ ಆಗಿ, 1814ರಲ್ಲಿ ಬಾತ್ ಊರಿನಲ್ಲಿ ಸತ್ತ. ಅವನ ನಂತರದ ಮೂವರು ಗವರ್ನರ್‌ಗಳಾದ ಹಂಟರ್, ಕಿಂಗ್, ಬ್ಲೈ ಕೂಡ ನೌಕಾಪಡೆಯವರೇ. ಮೂವರಿಗೂ ತಲೆನೋವಾದದ್ದು ರಮ್ ವ್ಯಾಪಾರದಲ್ಲಿ ಮುಳುಗಿದ್ದ ದಂಡಿನ ಅಧಿಕಾರಿಗಳು. 1808ರ ಜನವರಿ 26ರಂದು ಅವರು ಬ್ಲೈನನ್ನು ಅವನ ಮನೆಗೇ ನುಗ್ಗಿ ಬಂಧಿಸಿದರು. ಆ ಅಧಿಕಾರಿಗಳ ದರ್ಬಾರು ಶುರುವಾಗಿದ್ದು ಫಿಲಿಪ್ ಹಡಗು ಹತ್ತಿದ ಮೇಲೆ. ಅವನ ಜಾಗಕ್ಕೆ ಬಂದ ಮೇಜರ್ ಗ್ರೋಸ್ ಕೆಲವೇ ದಿನಗಳಲ್ಲಿ ಸಿಪಾಯಿಗಳ ಪಾಲು ಬೇರೆ, ಕೈದಿಗಳ ಪಾಲು ಬೇರೆ ಅಂತ ರೇಷನ್ ಪಟ್ಟಿಯನ್ನು ಬದಲಾಯಿಸಿದ್ದ.