ಉಪ್ಪು, ಲಿಮು, ಕುಕುಯಿ: ನಮ್ಮ ಮನೆಯ ಪೋಕೆ

ಪೋಕೆ ಅಂದರೆ ಹಸಿ ಮೀನಿನ ತುಂಡುಗಳಿಗೆ ಉಪ್ಪು, ಕಡಲಪಾಚಿ ಕಲೆಸಿ ತಿನ್ನುವ ಹವಾಯಿಯ ತಿನಿಸು. ಅದನ್ನು ಮಾಡಬೇಕೆಂದರೆ ಮೀನು ತರುವುದಕ್ಕಿಂತ ಮೊದಲೇ ಕುಕುಯಿ ಬೀಜ ಹುರಿದು ಇಟ್ಟುಕೊಂಡಿರಬೇಕು. ಹವಾಯಿಯಲ್ಲಿ ಬೆಟ್ಟದ ಇಳಿಜಾರುಗಳಲ್ಲಿ ತಿಳಿಹಸಿರಾಗಿ ಎದ್ದು ಕಾಣುವ ಮರ ಕುಕುಯಿ. ಹಿಂದೆ ಇದರ ಎಣ್ಣೆಯಿಂದಲೇ ದೀಪ ಉರಿಸುತ್ತಿದ್ದರು. 1959ರಿಂದ ಇದು ರಾಜ್ಯದ ಅಧಿಕೃತ ಮರವೂ ಹೌದು. ಬೀಜವನ್ನು ಹಸಿಯಾಗಿ ತಿಂದರೆ ಹೊಟ್ಟೆ ತೊಳೆದುಹೋಗುತ್ತದೆ, ಹಾಗಾಗಿ ಹುರಿಯುವ ಕೆಲಸದಲ್ಲಿ ಅವಸರ ಸಲ್ಲದು.

ಇದನ್ನು ನನಗೆ ಕಲಿಸಿದವರು ಹೊನೊಲುಲುವಿನ ನಮ್ಮ ಪಕ್ಕದ ಮನೆಯ ಆಂಟಿ. ಬೀಜಗಳನ್ನು ಮೊದಲು ನೀರಿಗೆ ಹಾಕುತ್ತಾರೆ, ತೇಲಿದ್ದನ್ನು ಎಸೆಯುತ್ತಾರೆ. ಮುಳುಗಿದ್ದನ್ನು ಒರೆಸಿ, ಚಿಪ್ಪಿನ ಸಮೇತ ಓವನ್‌ನಲ್ಲಿ 160 ಡಿಗ್ರಿ ಶಾಖದಲ್ಲಿ ಒಂದು ಗಂಟೆಯ ಹತ್ತಿರ ಬಿಡುತ್ತಾರೆ. ಒಂದನ್ನು ಸುತ್ತಿಗೆಯಿಂದ ಒಡೆದು ನೋಡಬೇಕು. ತಿರುಳು ಒಳಗಿನವರೆಗೂ ಕಂದು ಬಣ್ಣಕ್ಕೆ ತಿರುಗಿರಬೇಕು, ನಡುವೆ ಬಿಳಿ ಉಳಿದಿದ್ದರೆ ಮತ್ತೆ ಓವನ್‌ಗೆ. ಆ ಹೊತ್ತಿಗೆ ಅಡುಗೆಮನೆಯ ತುಂಬ ಗೇರುಬೀಜ ಸುಟ್ಟಂಥ ಪರಿಮಳ. ತಿರುಳನ್ನು ಹರಳುಪ್ಪಿನೊಂದಿಗೆ ಕಲ್ಲಿನಲ್ಲಿ ಕುಟ್ಟುತ್ತಾ ಹೋದರೆ ಎಣ್ಣೆ ಬಿಟ್ಟುಕೊಂಡು ಒರಟಾದ, ಜಿಡ್ಡಾದ ಪುಡಿಯಾಗುತ್ತದೆ. ಇದೇ ಇನಮೋನಾ. ಹವಾಯಿಯ ಹಳೆಯ ಪೋಕೆಗೆ ಜೀವ ಬರುವುದು ಇದರಿಂದ. ಗಾಜಿನ ಸೀಸೆಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟರೆ ಅನೇಕ ಸಲಕ್ಕೆ ಆಗುತ್ತದೆ.

ಎರಡನೆಯದು ಲಿಮು, ಅಂದರೆ ಕಡಲಪಾಚಿ. ಇದರಲ್ಲಿ ಹತ್ತಾರು ಬಗೆ. ಪೋಕೆಗೆ ಬೇಕಾದದ್ದು ಲಿಮು ಕೋಹು. ಕೆಂಪು ಛಾಯೆಯ ಸಣ್ಣ ಗರಿಗಳಂತಿರುವ ಇದನ್ನು ರಾತ್ರಿಯಿಡೀ ಸಿಹಿನೀರಿನಲ್ಲಿ ನೆನೆಹಾಕಿ ಅಯೋಡಿನ್‌ನ ಕಹಿ ಕಡಿಮೆ ಮಾಡುತ್ತಾರೆ. ಆಮೇಲೆ ಹಿಂಡಿ, ಉಪ್ಪು ಹಾಕಿ ಉಂಡೆ ಕಟ್ಟಿಡುತ್ತಾರೆ. ಕೀಳುವ ರೀತಿಯೂ ಮುಖ್ಯ: ಬಂಡೆಗೆ ಅಂಟಿದ ಬುಡವನ್ನು ಬಿಟ್ಟು ಮೇಲಿನದನ್ನಷ್ಟೇ ತೆಗೆಯಬೇಕು, ಆಗ ಅದು ಮತ್ತೆ ಚಿಗುರುತ್ತದೆ. ಈ ಜ್ಞಾನ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿದುಬಂದದ್ದು. ವಿಜ್ಞಾನದಲ್ಲಿ ಪಿಎಚ್‌.ಡಿ ಪಡೆದ ಮೊದಲ ಮೂಲನಿವಾಸಿ ಹವಾಯಿ ಮಹಿಳೆ ಇಸಬೆಲಾ ಅಬಾಟ್ ತಮ್ಮ ಜೀವಮಾನವನ್ನೆಲ್ಲ ಈ ಪಾಚಿಗಳ ಅಧ್ಯಯನಕ್ಕೇ ಮುಡಿಪಿಟ್ಟಿದ್ದರು. ಚಿಕ್ಕಂದಿನಲ್ಲಿ ಅವರಿಗೂ ಲಿಮು ಗುರುತಿಸಲು ಕಲಿಸಿದವರು ಅವರ ತಾಯಿಯೇ. ಅವರ ಬಗ್ಗೆ ಓದುವಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ.

ಉಪ್ಪಿನ ವಿಷಯದಲ್ಲಿ ಕುಮಟೆಯ ಕಡೆಯವಳಾದ ನನಗೆ ಸ್ವಲ್ಪ ಅಭಿಮಾನ ಇದ್ದೇ ಇದೆ. ಅಘನಾಶಿನಿಯ ಹಿನ್ನೀರನ್ನು ಆಗರಗಳಿಗೆ ಬಿಟ್ಟು ತೆಗೆಯುವ ಸಾಣಿಕಟ್ಟೆಯ ಉಪ್ಪನ್ನು ತಿಂದು ಬೆಳೆದವಳು ನಾನು. ಕೌವಾಯಿ ದ್ವೀಪದ ಹನಪೇಪೆಯಲ್ಲೂ ಬೇಸಿಗೆಯಲ್ಲಿ ಕೆಲವು ಕುಟುಂಬಗಳು ಜೇಡಿಮಣ್ಣಿನ ಮಡಿಗಳಲ್ಲಿ ಉಪ್ಪು ಬೆಳೆಯುತ್ತವೆ. ಅಲಾಯೆಯ ಎಂಬ ಕೆಂಪು ಮಣ್ಣು ಬೆರೆತ ಅದರ ಒಂದು ಬಗೆ ಕೆಂಪಗಿರುತ್ತದೆ. ಆ ಉಪ್ಪನ್ನು ಮಾರುವುದಿಲ್ಲ, ಕೊಡುತ್ತಾರೆ. ಆಂಟಿಗೆ ಅಲ್ಲಿನ ನೆಂಟರು ಕೊಟ್ಟದ್ದರಲ್ಲಿ ಒಂದು ಹಿಡಿ ನನಗೂ ಸಿಕ್ಕಿದೆ. ಅದನ್ನು ಪೋಕೆ ಬಿಟ್ಟು ಬೇರಾವುದಕ್ಕೂ ಮುಟ್ಟುವುದಿಲ್ಲ.

ಇನ್ನು ಮೀನು. ಹಿಂದಿನವರು ದಂಡೆಯ ಬಂಡೆಗಳ ನಡುವಿನ ಮೀನನ್ನೂ ಆಕು ಎಂಬ ಸಣ್ಣ ಟ್ಯೂನಾವನ್ನೂ ಬಳಸುತ್ತಿದ್ದರು. ಈಗ ಎಲ್ಲೆಡೆ ಆಹಿ, ಅಂದರೆ ದೊಡ್ಡ ಟ್ಯೂನಾ. ಅಂಗಡಿಯಲ್ಲಿ ನಾನು ಮೊದಲು ಓದುವುದು ಚೀಟಿಯನ್ನು: ತಾಜಾ ಮೀನೋ, ಘನೀಕರಿಸಿ ಕರಗಿಸಿದ್ದೋ. ಕಾರ್ಬನ್ ಮೊನಾಕ್ಸೈಡ್ ಹಾಯಿಸಿದ ಮೀನು ಹಳೆಯದಾದರೂ ಕಲ್ಲಂಗಡಿ ಬಣ್ಣದಲ್ಲೇ ಇರುತ್ತದೆ, ಆದ್ದರಿಂದ ಬಣ್ಣ ನಂಬಿ ಕೊಳ್ಳಬಾರದು.

ಅರ್ಧ ಕಿಲೋ ತುಂಡನ್ನು ಬಟ್ಟೆಯಿಂದ ಒತ್ತಿ ಒಣಗಿಸುತ್ತೇನೆ. ಕಪ್ಪುಗೆಂಪಿನ ರಕ್ತದ ಭಾಗವನ್ನು ಕತ್ತರಿಸಿ ತೆಗೆಯುತ್ತೇನೆ. ಬಿಳಿ ನಾರಿರುವ ಕಡೆ ಚಾಕು ಬಿಟ್ಟು ಚಮಚ ಹಿಡಿದು, ನಾರಿನ ಮೇಲಿನ ಮಾಂಸವನ್ನು ಮೆಲ್ಲಗೆ ಕೆರೆದುಕೊಳ್ಳುತ್ತೇನೆ. ನಾರು ಬಾಯಿಗೆ ಸಿಕ್ಕರೆ ಎಲ್ಲ ಶ್ರಮವೂ ವ್ಯರ್ಥ. ಉಳಿದದ್ದನ್ನು ಎಳೆಗಳಿಗೆ ಅಡ್ಡವಾಗಿ ಎರಡು ಸೆಂಟಿಮೀಟರಿನ ತುಂಡುಗಳಾಗಿ, ಒಂದೇ ಎಳೆತಕ್ಕೆ ಕೊಯ್ಯಬೇಕು. ಚಾಕುವನ್ನು ಹಿಂದೆ ಮುಂದೆ ಆಡಿಸಿದರೆ ಅಂಚು ಹರಿದು ಮೀನು ನೀರು ಬಿಡುತ್ತದೆ. ಪಾತ್ರೆಯನ್ನು ಮಂಜುಗಡ್ಡೆಯ ಮೇಲಿಟ್ಟು, ಒಂದು ಚಿಕ್ಕ ಚಮಚ ಉಪ್ಪು, ನಿಂಬೆಹಣ್ಣಿಗಿಂತ ಚಿಕ್ಕದಾದ ಲಿಮು ಉಂಡೆಯನ್ನು ಬಿಡಿಸಿ ಹೆಚ್ಚಿದ್ದು, ಒಂದು ದೊಡ್ಡ ಚಮಚ ಇನಮೋನಾ. ಕೈಯಿಂದಲೇ ಕಲೆಸುವುದು. ರುಚಿ ನೋಡಿ ಉಪ್ಪು ತಿದ್ದುವುದು. ಅಷ್ಟೇ.

ಸೋಯಾ ಸಾಸ್, ಎಳ್ಳೆಣ್ಣೆ, ಈರುಳ್ಳಿ ಹಾಕಿದ ಪೋಕೆಯನ್ನೂ ನಾನು ಪ್ರೀತಿಯಿಂದ ತಿನ್ನುತ್ತೇನೆ. ಕಬ್ಬಿನ ತೋಟಗಳಲ್ಲಿ ದುಡಿಯಲು ಜಪಾನು ಮತ್ತಿತರ ದೇಶಗಳಿಂದ ಬಂದವರು ತಮ್ಮ ರುಚಿಯನ್ನು ಸೇರಿಸಿದ್ದು ಆ ದ್ವೀಪಗಳ ನಿಜವಾದ ಚರಿತ್ರೆ. ಆದರೆ ಮಾವಿನಹಣ್ಣು, ಜೋಳ, ಮೇಯನೇಸ್ ಸುರಿದು ಮೀನು ಎಲ್ಲಿದೆಯೆಂದು ಹುಡುಕುವಂತೆ ಮಾಡುವ ಊರೂರಿನ ಬಟ್ಟಲುಗಳಿಗೆ ಪೋಕೆ ಎಂಬ ಹೆಸರು ಅಂಟಿಸುವುದನ್ನು ನಾನು ಒಪ್ಪಲಾರೆ. ಲಿಮು ಕೀಳುವವರ ಕೈಯೂ ಉಪ್ಪಿನ ಮಡಿ ಕಾಯುವವರ ಬೆವರೂ ಅದರಿಂದ ಪೂರ್ತಿ ಅಳಿಸಿಹೋಗುತ್ತವೆ.

ಊರಿನಿಂದ ಅಮ್ಮ ಕೇಳಿದಳು: “ಹಸಿ ಮೀನು ತಿನ್ನುತ್ತೀಯಲ್ಲ, ನಾವೂ ಮಾಡಬಹುದೇ?” ಪೇಟೆಯ ಮೀನಿನಲ್ಲಿ ಬೇಡ ಎಂದೆ. ಹಿಡಿದ ಕ್ಷಣದಿಂದ ತಣ್ಣಗೆ ಇಡದ ಟ್ಯೂನಾದಲ್ಲಿ, ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಬೇಯಿಸಿದರೂ ಹೋಗುವುದಿಲ್ಲ, ಹಸಿಯಾಗಿ ತಿನ್ನುವ ಮಾತಂತೂ ದೂರ. ಹವಾಯಿಯಲ್ಲಿ ಬೇಯಿಸಿದ ಆಕ್ಟೋಪಸ್‌ನ ಪೋಕೆಯೂ ಉಂಟು. ಅದೇ ಜಾಡಿನಲ್ಲಿ ಬೊಂಡಾಸ ಬೇಯಿಸಿ ತಣಿಸಿ, ಸಾಣಿಕಟ್ಟೆಯ ಉಪ್ಪು, ಕಪ್ಪಾಗುವ ಹತ್ತಿರದವರೆಗೆ ಹುರಿದು ಕುಟ್ಟಿದ ಗೇರುಬೀಜ ಹಾಕು ಎಂದು ಹೇಳಿದ್ದೇನೆ.

ನಮ್ಮಲ್ಲಿ ಪೋಕೆಯನ್ನು ಕಲೆಸಿದ ದಿನವೇ ಮುಗಿಸುತ್ತೇವೆ, ಜೊತೆಗೆ ಕೆಸುವಿನ ಗಡ್ಡೆ ಬೇಯಿಸಿ ಅರೆದ ಪೋಯಿ ಅಥವಾ ಬಿಸಿ ಅನ್ನ. ಮಿಕ್ಕರೆ ರಾತ್ರಿಯೇ ಬಾಣಲೆ ಚೆನ್ನಾಗಿ ಕಾಯಿಸಿ ಹಾಕಿ, ಹೊರಗಡೆ ಕೆಂಪಾದ ಕೂಡಲೇ ಇಳಿಸುತ್ತೇನೆ. ಅಲ್ಲಿನವರೂ ಹುರಿದ ಪೋಕೆ ತಿನ್ನುತ್ತಾರೆ, ಮಕ್ಕಳಿಗಂತೂ ಅದೇ ಹೆಚ್ಚು ಇಷ್ಟ.