ಫೋನ್ ಇದ್ದರೂ ಬೇರೆ ಮ್ಯೂಸಿಕ್ ಪ್ಲೇಯರ್ ಯಾಕೆ?

ನನ್ನ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದ ಗಾತ್ರದ ಒಂದು ಕಪ್ಪು ಡಬ್ಬಿ ಇರುತ್ತದೆ. ಅದರಿಂದ ಹೊರಟ ವಯರು ಕಿವಿಗೆ ಹೋಗಿರುವುದನ್ನು ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಕೈಯಲ್ಲಿ ಫೋನ್ ಇರುವಾಗ ಹಾಡು ಕೇಳುವುದಕ್ಕೆಂದೇ ಮತ್ತೊಂದು ಸಾಧನ ಯಾಕೆ? ಕಚೇರಿಯ ಸಹೋದ್ಯೋಗಿಗಳು ಕೇಳಿದ್ದಾರೆ, ರೈಲಿನಲ್ಲಿ ಎದುರು ಸೀಟಿನಲ್ಲಿ ಕುಳಿತ ಅಪರಿಚಿತರು ಕೇಳಿದ್ದಾರೆ. ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಅಕ್ಕನ ಮಗ “ಮಾಮಾ, ನಿಮ್ಮ ಫೋನಿನ್ಯಾಗ ಹಾಡು ಬರೂದಿಲ್ಲೇನು?” ಎಂದು ನಿಜವಾದ ಕಾಳಜಿಯಿಂದ ಕೇಳಿದ. ಆ ಹೊತ್ತಿಗೆ ಏನೋ ಎರಡು ಮಾತು ಹೇಳಿ ಸುಮ್ಮನಾಗಿದ್ದೆ. ಅದು ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೆಚ್ಚಾಗಿ ಕೇಳುವ ಸಂಗೀತ ಯಾವ ಆ್ಯಪಿನಲ್ಲೂ ಇಲ್ಲ. ನನ್ನ ತಂದೆಯವರು 1979ರಿಂದ ಸುಮಾರು ಹದಿನಾಲ್ಕು ವರ್ಷ ಆಕಾಶವಾಣಿ ಧಾರವಾಡ ಕೇಂದ್ರದ ಸಂಗೀತ ಕಾರ್ಯಕ್ರಮಗಳನ್ನು, ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಎರಡೂ ಇದ್ದ ಮನೆಯ ಟೂ-ಇನ್-ವನ್‌ನಲ್ಲಿ ಕ್ಯಾಸೆಟ್‌ಗೆ ತುಂಬಿಕೊಳ್ಳುತ್ತಿದ್ದರು. 1950ರಲ್ಲಿ ಆರಂಭವಾದ ಆ ಕೇಂದ್ರದ ಆಸುಪಾಸಿನಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂಥ ಗಾಯಕರು ಬದುಕಿ ಹಾಡುತ್ತಿದ್ದ ಕಾಲ ಅದು. ಅಂಗಡಿಯಲ್ಲಿ ದೊರೆಯುತ್ತಿದ್ದ ಕ್ಯಾಸೆಟ್‌ಗಳು ಬೇರೆ, ರೇಡಿಯೊದಲ್ಲಿ ಒಂದು ಸಂಜೆ ಬಂದು ಹೋಗುತ್ತಿದ್ದ ಗಾಯನ ಬೇರೆ. ಹೀಗೆ ಹಿಡಿದಿಟ್ಟ 84 ಕ್ಯಾಸೆಟ್‌ಗಳು ನಮ್ಮ ಮನೆಯ ಟ್ರಂಕಿನಲ್ಲಿದ್ದವು. ಒಂದೊಂದರ ಒಳಕಾಗದದ ಮೇಲೂ ತಂದೆಯವರ ಓರೆ ಅಕ್ಷರದಲ್ಲಿ ರಾಗದ ಹೆಸರು, ತಾರೀಖು, ತಬಲಾ ಸಾಥಿಯ ಹೆಸರು ಇವೆ. ಒಂದೆರಡು ಕಡೆ “ಸಿಡಿಲಿನ ಖರಖರ ಅದ” ಎಂಬ ಟಿಪ್ಪಣಿಯೂ ಇದೆ.

ತಂದೆಯವರು ತೀರಿಕೊಂಡ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಹಳೆಯದೊಂದು ಕ್ಯಾಸೆಟ್ ಡೆಕ್ ಕೊಂಡು, ಅದನ್ನು ಕಂಪ್ಯೂಟರಿಗೆ ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದಾಗಿ ಫೈಲ್ ಮಾಡುತ್ತ ಹೋದೆ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು. ಟೇಪಿನಿಂದ ಧ್ವನಿಯನ್ನು ಓದುವ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಕಡಲೆಕಾಳಿನಷ್ಟು ಮೆತ್ತೆ ಎಷ್ಟೋ ಕ್ಯಾಸೆಟ್‌ಗಳಲ್ಲಿ ಉದುರಿಹೋಗಿರುತ್ತದೆ, ಅದನ್ನು ಮತ್ತೆ ಅಂಟಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ಸ್ಕ್ರೂ. ತಂದೆಯವರ ಟೂ-ಇನ್-ವನ್‌ನ ಹೆಡ್ ಯಾವ ಓರೆಯಲ್ಲಿ ನಿಂತು ಧ್ವನಿಯನ್ನು ಬರೆದಿತ್ತೋ ಅದೇ ಓರೆಗೆ ನನ್ನ ಡೆಕ್ಕಿನ ಹೆಡ್ಡನ್ನು ತಂದು ನಿಲ್ಲಿಸಬೇಕಾಗುತ್ತದೆ. ಮೊದಲ ಸಲ ಅದನ್ನು ಕೂದಲೆಳೆಯಷ್ಟು ತಿರುಗಿಸಿದಾಗ, ಕಂಬಳಿ ಹೊದ್ದುಕೊಂಡು ಹಾಡಿದಂತಿದ್ದ ದನಿ ಒಮ್ಮೆಲೇ ತೆರೆದುಕೊಂಡು, ತಬಲಾದ ಕಿನಾರದ ಮೇಲೆ ಬೀಳುವ ಬೆರಳಿನ ಪೆಟ್ಟು ಬೇರೆಯಾಗಿ ಕೇಳಿಸಿತು. ಆ ಕ್ಷಣದಲ್ಲಿಯೇ ನಾನು 84 ಕ್ಯಾಸೆಟ್‌ಗಳನ್ನೂ ಮುಗಿಸುವುದೆಂದು ತೀರ್ಮಾನಿಸಿದೆ.

ಯಾವ ರೂಪದಲ್ಲಿ ಉಳಿಸುವುದೆಂಬ ಪ್ರಶ್ನೆ ಆಮೇಲೆ ಬಂತು. ಎಂಪಿ3 ವಿಧಾನವನ್ನು ರೂಪಿಸಿದವರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ತಂತ್ರಜ್ಞರು ಮುಖ್ಯರು. ಆ ವಿಧಾನದಲ್ಲಿ, ಒಂದು ಗಟ್ಟಿ ಧ್ವನಿಯ ಮರೆಯಲ್ಲಿ ಕಿವಿಗೆ ಬೀಳದೆ ಹೋಗುವ ಸಣ್ಣ ಧ್ವನಿಗಳನ್ನು ಲೆಕ್ಕ ಹಾಕಿ ಬಿಟ್ಟುಬಿಡುತ್ತಾರೆ. ಅದರಿಂದಾಗಿ ಸಿ.ಡಿ.ಯಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಬೇಕಾದದ್ದು ಸೆಕೆಂಡಿಗೆ 128 ಕಿಲೋಬಿಟ್ ಹಿಡಿಯುವ ಎಂಪಿ3ಯಲ್ಲಿ ಒಂದು ಎಂಬಿಯೊಳಗೆ ಮುಗಿಯುತ್ತದೆ. ಚಿತ್ರಗೀತೆಗೆ ಇದು ಧಾರಾಳವಾಗಿ ಸಾಕು. ಆದರೆ ತಂಬೂರಿಯ ಜವಾರಿ, ಅಂದರೆ ತಂತಿಯ ಗುಂಯ್‌ಗುಡುವ ನಾದ, ಬದುಕಿರುವುದೇ ಮೇಲಿನ ಸೂಕ್ಷ್ಮ ಅನುರಣನಗಳಲ್ಲಿ; ತೀರ ಹಿಂಡಿದ ಎಂಪಿ3ಯಲ್ಲಿ ಅದು ನೀರಿನಲ್ಲಿ ನುಡಿಸಿದಂತೆ ಕಲಕಿಹೋಗುತ್ತದೆ. ನನ್ನ ಕ್ಯಾಸೆಟ್‌ಗಳು ಮೀಡಿಯಂ ವೇವ್ ಪ್ರಸಾರದಿಂದ ಹಿಡಿದವು, ಮೇಲಿನ ಸ್ವರಾಂಶಗಳಲ್ಲಿ ಬಹುಪಾಲು ದಾರಿಯಲ್ಲೇ ಸೋರಿಹೋಗಿವೆ. ಹೇಗೂ ಹೋಗಿದೆಯಲ್ಲ, ಎಂಪಿ3 ಸಾಕು ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಹೋದದ್ದು ಹೋಯಿತು, ಉಳಿದಿರುವುದನ್ನು ಮತ್ತೆ ಕತ್ತರಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಏನನ್ನೂ ಬಿಡದೆ ಮಡಿಸಿಡುವ ಫ್ಲ್ಯಾಕ್ ರೂಪವನ್ನೇ ಆರಿಸಿಕೊಂಡೆ. ಇದುವರೆಗೆ ಮುಗಿದಿರುವ 62 ಕ್ಯಾಸೆಟ್‌ಗಳ ಸುಮಾರು 70 ಗಂಟೆಗಳ ಗಾಯನ, ಮೊನೊ ಆದದ್ದರಿಂದ, 13 ಜಿಬಿಯಷ್ಟು ಜಾಗ ಹಿಡಿದಿದೆ. ಉಗುರಿನ ಗಾತ್ರದ 32 ಜಿಬಿ ಕಾರ್ಡಿನಲ್ಲಿ ಅರ್ಧವೂ ತುಂಬಿಲ್ಲ.

ಈ ಪ್ಲೇಯರ್‌ಗಳ ಚರಿತ್ರೆಯನ್ನು ನೋಡಿದರೆ ಅವು ನಮ್ಮ ಸಂಗೀತವನ್ನು ಗಮನದಲ್ಲಿಟ್ಟು ಹುಟ್ಟಿದವಲ್ಲ. 1998ರಲ್ಲಿ ಕೊರಿಯಾದ ಎಂಪಿಮ್ಯಾನ್, ಅದೇ ವರ್ಷ ಅಮೆರಿಕದ ರಿಯೊ ಬಂದಾಗ ಅವುಗಳ ಹೊಟ್ಟೆಯಲ್ಲಿದ್ದ ಜಾಗ 32 ಎಂಬಿ, ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆಯ ಹಾಡು. 2001ರ ಅಕ್ಟೋಬರ್ 23ರಂದು ಆ್ಯಪಲ್ ಕಂಪನಿ 5 ಜಿಬಿಯ ಐಪಾಡನ್ನು ತೋರಿಸಿ, ಜೇಬಿನಲ್ಲಿ ಸಾವಿರ ಹಾಡು ಎಂದು ಹೇಳಿಕೊಂಡಿತು. ಆ ಲೆಕ್ಕದಲ್ಲಿ ಒಂದು ಹಾಡು ಎಂದರೆ ನಾಲ್ಕು ನಿಮಿಷ. ನಮ್ಮಲ್ಲಿ ನಿಧಾನಗತಿಯ ವಿಲಂಬಿತದಿಂದ ವೇಗದ ದ್ರುತದವರೆಗೆ ಒಂದು ರಾಗಕ್ಕೆ 50 ನಿಮಿಷ ಹಿಡಿದರೆ ಅದೇ ಜಾಗದಲ್ಲಿ ಕೂರುವುದು 80 ರಾಗ. ಯಂತ್ರದ ಅಳತೆಗೆ ಗಾಯನ ತಗ್ಗಬೇಕಾಗಿ ಬಂದದ್ದು ಹೊಸದೇನಲ್ಲ. ಗಂಗೂಬಾಯಿಯವರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಗ್ರಾಮೊಫೋನ್ ಪ್ಲೇಟುಗಳಿಗೆ ಹಾಡಿದಾಗ ರಾಗವೊಂದನ್ನು ಮೂರು ಮೂರೂವರೆ ನಿಮಿಷದೊಳಗೆ ಮುಗಿಸಬೇಕಾಗಿತ್ತು. ಡಿಜಿಟಲ್ ಪ್ಲೇಯರಿನಲ್ಲಿ ಆ ಕಟ್ಟು ಇಲ್ಲ. ಆದರೂ ಅದರ ಒಳಗಿನ ವ್ಯವಸ್ಥೆಯೆಲ್ಲ ನಾಲ್ಕು ನಿಮಿಷದ ಹಾಡನ್ನೇ ನಂಬಿಕೊಂಡಿದೆ.

ಇದರ ತೊಂದರೆ ಎಲ್ಲಿ ಕಾಣುತ್ತದೆ ಎಂದರೆ, ಒಂದು ಸಂಗೀತ ಕಚೇರಿಯನ್ನು ತುಂಡುಗಳಾಗಿ ಮಾಡಿ ಎಂಪಿ3 ರೂಪದಲ್ಲಿಟ್ಟಾಗ. ಎಂಪಿ3 ಫೈಲಿನಲ್ಲಿ ಧ್ವನಿ ಸುಮಾರು 26 ಮಿಲಿಸೆಕೆಂಡಿನ ಕಟ್ಟುಗಳಾಗಿ ಕೂತಿರುತ್ತದೆ. ಮೊದಲಲ್ಲೂ ಕೊನೆಯಲ್ಲೂ ಜಾಗ ತುಂಬುವುದಕ್ಕೆ ಚೂರು ಮೌನ ಸೇರಿಕೊಳ್ಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದ ಪ್ಲೇಯರಿನಲ್ಲಿ ಎರಡು ತುಂಡುಗಳ ನಡುವೆ ಕಣ್ಣು ಮಿಟುಕಿಸಿದಷ್ಟು ಹೊತ್ತು ಧ್ವನಿ ಕಡಿದುಹೋಗುತ್ತದೆ. ಬೇರೆ ಬೇರೆ ಹಾಡುಗಳ ನಡುವೆ ಅದು ಯಾರಿಗೂ ತಿಳಿಯುವುದಿಲ್ಲ. ತೀನತಾಲದ ದ್ರುತ ಓಡುತ್ತಿರುವಾಗ, ತಂಬೂರಿ ಎಡೆಬಿಡದೆ ನುಡಿಯುತ್ತಿರುವಾಗ ಅದು ಕಾಲಿಗೆ ಕಲ್ಲು ಎಡವಿದಂತೆ ಆಗುತ್ತದೆ. ನಾನು ಈ ಪ್ಲೇಯರನ್ನು ಆರಿಸಿಕೊಂಡದ್ದು ಎರಡು ಕಾರಣಕ್ಕೆ: ತುಂಡುಗಳನ್ನು ಸಂದು ಬಿಡದೆ ಜೋಡಿಸಿ ನುಡಿಸುತ್ತದೆ, ಮತ್ತು 50 ನಿಮಿಷದ ಫೈಲನ್ನು 23ನೇ ನಿಮಿಷದಲ್ಲಿ ನಿಲ್ಲಿಸಿದರೆ ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಹಾಡುಗಳನ್ನು ಕಲಸಿ ಹಿಂದುಮುಂದಾಗಿ ನುಡಿಸುವ ಷಫಲ್ ಎಂಬ ಸೌಲಭ್ಯವನ್ನು ಮಾತ್ರ ನಾನು ಬಳಸಿದ್ದೇ ಇಲ್ಲ. ದ್ರುತ ಮೊದಲು ಬಂದು ಆಲಾಪ ಆಮೇಲೆ ಬರುವುದನ್ನು ಕೇಳುವುದು ಹೇಗೆ?

ಅದೇ ಫೈಲುಗಳನ್ನು ಫೋನಿಗೇ ಹಾಕಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದು. ಹಾಕಿಕೊಳ್ಳಬಹುದು, ನಾನೂ ಒಂದು ವರ್ಷ ಹಾಗೇ ಮಾಡಿದೆ. ಆ ವರ್ಷ ನಾನು ಒಂದು ರಾಗವನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೇಳಿದ ನೆನಪು ನನಗಿಲ್ಲ. ಕರೆ ಬರುತ್ತದೆ, ಗಾಯನ ನಿಲ್ಲುತ್ತದೆ. ಸಂದೇಶ ಬಂದರೆ ಗಾಯಕರ ದನಿ ಒಂದು ಕ್ಷಣ ಕುಗ್ಗಿ, ಅದರ ಮೇಲೆ ಟಿಂಗ್ ಎಂಬ ಸದ್ದು ಕೂರುತ್ತದೆ. ಸದ್ದುಗಳನ್ನೆಲ್ಲ ಬಂದ್ ಮಾಡಿದರೂ, ಮುಂದಿನ ಫೈಲ್ ಹುಡುಕಲು ಪರದೆ ತೆರೆದ ಕೈ ಬೇರೆಲ್ಲಿಗೋ ಹೋಗಿಬಿಡುತ್ತದೆ. ವಿಲಂಬಿತ ಖಯಾಲು ಕೇಳುಗನಿಂದ ಬೇಡುವುದು ಒಂದೇ ಒಂದು ಸಂಗತಿಯನ್ನು: ಮುಂದಿನ ಸಮ್, ಅಂದರೆ ತಾಳದ ಮೊದಲ ಮಾತ್ರೆ, ಬರುವವರೆಗೆ ಕಾಯುವ ತಾಳ್ಮೆ. ಏಕತಾಲದ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುವಾಗ, ಆ ಹೊತ್ತಿನೊಳಗೆ ಫೋನು ಎರಡು ಸಲ ಕರೆದರೆ ತಾಳ್ಮೆ ಎಲ್ಲಿ ಉಳಿಯಬೇಕು? ಈ ಸಣ್ಣ ಡಬ್ಬಿಗೆ ಸಂಗೀತ ನುಡಿಸುವುದರ ಹೊರತು ಬೇರೆ ಕೆಲಸ ಗೊತ್ತಿಲ್ಲ. ಅದರ ಗುಂಡಿಗಳು ಉಬ್ಬಿಕೊಂಡಿವೆ. ಬಸ್ಸಿನಲ್ಲಿ ನಿಂತಿದ್ದಾಗ ಜೇಬಿನೊಳಗೆ ಕೈ ಹಾಕಿ, ನೋಡದೆಯೇ ಹೆಬ್ಬೆರಳಿನಿಂದ ತಡವಿ ನಿಲ್ಲಿಸಬಹುದು, ಮುಂದುವರಿಸಬಹುದು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿ ರೈಲುದಾರಿಯಲ್ಲಿ 57 ಸುರಂಗಗಳಿವೆ. ಮಡದಿಯ ತವರು ಪುತ್ತೂರಾದ್ದರಿಂದ ನಾವು ವರ್ಷಕ್ಕೆರಡು ಸಲ ಆ ದಾರಿಯಲ್ಲಿ ಹೋಗುತ್ತೇವೆ. ಅಲ್ಲಿ ಅಕ್ಕಪಕ್ಕದವರ ಫೋನಿನ ಹಾಡು ನೆಟ್‌ವರ್ಕ್ ಸಿಗದೆ ಗುಡ್ಡದ ನಡುವೆ ನಿಂತುಹೋಗುತ್ತದೆ, ನನ್ನದು ನಿಲ್ಲುವುದಿಲ್ಲ. ಆ್ಯಪಿನಲ್ಲೂ ಹಾಡನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು, ನಿಜ. ಆದರೆ ಹಾಗೆ ಇಳಿಸಿಕೊಂಡದ್ದು ಚಂದಾ ಕಟ್ಟುವವರೆಗೆ ಮಾತ್ರ ನುಡಿಯುತ್ತದೆ. ಹಕ್ಕು ಕೈ ಬದಲಾಯಿಸಿದರೆ ಚಂದಾ ಕಟ್ಟುತ್ತಿದ್ದರೂ ಹಾಡು ಪಟ್ಟಿಯಿಂದ ಮರೆಯಾಗುತ್ತದೆ. ನಾನು ಬಹಳ ಮೆಚ್ಚಿ ಗುರುತು ಹಾಕಿಟ್ಟಿದ್ದ ಒಂದು ತೋಡಿ ರಾಗದ ಗಾಯನ ಹೀಗೇ ಒಂದು ಬೆಳಗ್ಗೆ ಮಸುಕಾದ ಅಕ್ಷರವಾಗಿ ಉಳಿಯಿತು, ಒತ್ತಿದರೆ ನುಡಿಯಲಿಲ್ಲ. ಹೊಸ ಚಿತ್ರಗೀತೆಗಳಿಗೆ, ಯಾರೋ ಹೇಳಿದ ಹೊಸ ಗಾಯಕರ ಪರಿಚಯಕ್ಕೆ ನಾನೂ ಫೋನಿನ ಆ್ಯಪನ್ನೇ ಬಳಸುತ್ತೇನೆ, ಅದಕ್ಕೆ ಅದು ಒಳ್ಳೆಯ ಸಾಧನ. ಮನೆಯ ಆಸ್ತಿಯಂಥ ಸಂಗೀತವನ್ನು ಅದರ ಕೈಗೆ ಒಪ್ಪಿಸಲಾರೆ.

ಪ್ಲೇಯರಿನಿಂದ ನನಗೆ ನಿಜವಾಗಿ ಬೇಸರವಾದದ್ದು ಲಿಪಿಯ ವಿಷಯದಲ್ಲಿ. ಫ್ಲ್ಯಾಕ್ ಫೈಲಿನೊಳಗೆ ರಾಗದ ಹೆಸರು, ಗಾಯಕರ ಹೆಸರನ್ನು ಕನ್ನಡದಲ್ಲಿಯೇ ಬರೆದಿಡಬಹುದು, ಬರೆದಿದ್ದೇನೆ. ಪ್ಲೇಯರಿನ ಪರದೆಗೆ ಮಾತ್ರ ಕನ್ನಡ ಅಕ್ಷರ ಗೊತ್ತಿಲ್ಲ. ‘ಜೌನಪುರಿ’ ಎಂದು ಬರೆದ ಕಡೆ ಸಾಲಾಗಿ ಚೌಕಗಳು ಬರುತ್ತವೆ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಆಗುತ್ತಿತ್ತು, ಆದರೆ ತಂದೆಯವರು ಅಷ್ಟು ಚೆನ್ನಾಗಿ ಕನ್ನಡದಲ್ಲಿ ಬರೆದಿಟ್ಟದ್ದನ್ನು ಹಾಗೆ ತಿದ್ದುವುದು ನನಗೆ ಸರಿ ಎನಿಸಲಿಲ್ಲ. ಕೊನೆಗೆ ಕ್ಯಾಸೆಟ್‌ಗಳಿಗೆ 1ರಿಂದ 84ರವರೆಗೆ ಸಂಖ್ಯೆ ಕೊಟ್ಟು, ಫೋಲ್ಡರುಗಳಿಗೂ ಅದೇ ಸಂಖ್ಯೆ ಇಟ್ಟು, 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಸಂಖ್ಯೆಯ ಎದುರಿಗೆ ಒಳಕಾಗದದ ಬರಹವನ್ನು ಇದ್ದದ್ದು ಇದ್ದಂತೆಯೇ ಇಳಿಸಿದೆ. ಈಗ ಮನೆಯವರೆಲ್ಲರಿಗೂ ಸಂಖ್ಯೆಗಳೇ ರೂಢಿಯಾಗಿವೆ. ಸಂಜೆ ದೀಪ ಹಚ್ಚಿದ ಮೇಲೆ ಅವ್ವ “ನಲವತ್ತೊಂದು ಹಚ್ಚಪಾ” ಎನ್ನುತ್ತಾಳೆ, ನಾನು ಪ್ಲೇಯರನ್ನು ಸ್ಪೀಕರಿಗೆ ಜೋಡಿಸುತ್ತೇನೆ. ನಲವತ್ತೊಂದರಲ್ಲಿರುವುದು ಪೂರಿಯಾ ಧನಾಶ್ರೀ ರಾಗ, ಅದಕ್ಕೆ ಸರಿಯಾದ ಹೊತ್ತೂ ಅದೇ.

ಹಾಗಾದರೆ ನಾವೂ ಒಂದು ಕೊಳ್ಳಬೇಕೇ ಎಂದು ಕೇಳಿದರೆ ಎಲ್ಲರಿಗೂ ಹೌದೆಂದು ಹೇಳಲಾರೆ. ಐಪಾಡ್ ಕ್ಲಾಸಿಕ್ 2014ರಲ್ಲಿ ನಿಂತಿತು, ಉಳಿದಿದ್ದ ಐಪಾಡ್ ಟಚ್ ಕೂಡ 2022ರಲ್ಲಿ ನಿಂತಿತು; ಸೋನಿ, ಫಿಯೊ ಮುಂತಾದ ಕಂಪನಿಗಳು ಈಗಲೂ ಪ್ಲೇಯರ್ ಮಾಡುತ್ತಿವೆ, ಬೆಲೆ ಸಾಕಷ್ಟಿದೆ. ಸ್ವಂತದ್ದೆನ್ನುವ ಫೈಲುಗಳು ನಿಮ್ಮಲ್ಲಿಲ್ಲದಿದ್ದರೆ ಆ ಹಣ ಉಳಿಸಿ. ಮನೆಯ ಅಟ್ಟದ ಮೇಲೆ ಅಜ್ಜಿಯ ಸಂಪ್ರದಾಯದ ಹಾಡುಗಳೋ, ಊರ ಜಾತ್ರೆಯ ಸಣ್ಣಾಟವೋ, ಯಾರದೋ ಮದುವೆಯ ಶಹನಾಯಿಯೋ ಇರುವ ಕ್ಯಾಸೆಟ್‌ಗಳಿದ್ದರೆ ಮೊದಲು ಅವನ್ನು ಇಳಿಸಿಕೊಳ್ಳಿ, ಎರಡು ಕಡೆ ಪ್ರತಿ ಇಡಿ, ಪ್ಲೇಯರಿನ ಮಾತು ಆಮೇಲೆ. ಕೊಳ್ಳುವಾಗ ಕಾರ್ಡ್ ಹಾಕುವ ಜಾಗ ಇದೆಯೇ, ಸಂದು ಬಿಡದೆ ನುಡಿಸುತ್ತದೆಯೇ, ಬ್ಯಾಟರಿ ಬದಲಾಯಿಸಲು ಬರುತ್ತದೆಯೇ ಎಂಬ ಮೂರನ್ನು ವಿಚಾರಿಸಿ.

ನನ್ನ ಟ್ರಂಕಿನಲ್ಲಿ ಇನ್ನೂ 22 ಕ್ಯಾಸೆಟ್‌ಗಳಿವೆ. ಅವುಗಳಲ್ಲಿ ಒಂಬತ್ತಕ್ಕೆ ಬೂಷ್ಟು ಹಿಡಿದಿದೆ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿಯ ಪುಡಿ ಕಾಣುತ್ತದೆ, ಹಾಗೆಯೇ ಓಡಿಸಿದರೆ ಹೆಡ್ಡಿಗೂ ಹತ್ತುತ್ತದೆ. ಮಳೆಗಾಲದ ತೇವದಲ್ಲಿ ಅವನ್ನು ಬಿಚ್ಚಬಾರದೆಂದು ಅಕ್ಕಿಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ಗಾಳಿ ಒಣಗುತ್ತದೆ. ಅಕ್ಕನ ಮಗನೂ ಬರುತ್ತಾನೆ, ಅವನ ಬೆರಳುಗಳು ನನ್ನವಕ್ಕಿಂತ ಸಣ್ಣವು. ಆ ಮೆತ್ತೆಗಳನ್ನು ಅಂಟಿಸುವ ಕೆಲಸವನ್ನು ಅವನಿಗೆ ಕೊಡಬೇಕೆಂದಿದ್ದೇನೆ.